ನಾಲ್ಕು ಕೊನೆಗಳ ಆಟ ಮತ್ತು ನಮ್ಮ ಅತ್ತಿಗೆ

ಯಾರಾದ್ರೂ "ನಿಮ್ಮ ಅತ್ತಿಗೆ ಏನ್ ಕೆಲಸ ಮಾಡ್ತಾರೆ" ಅಂತ ಕೇಳಿದ್ರೆ ನಾವು ಮೊದಲು "ಆಫೀಸಲ್ಲಿ" ಅಂತಷ್ಟೇ ಹೇಳ್ತಾ ಇದ್ವಿ. ಯಾವ ಆಫೀಸು ಅಂದ್ರೆ ಮಾತು ಮರೆಸ್ತಾ ಇದ್ವಿ. ಈಗ ಮರೆಸಲ್ಲ.

ಅತ್ತಿಗೆ ಅಂದ್ರೆ ನಮ್ಮಣ್ಣನ ಹೆಂಡತಿ. ನಾನೂ ಅಣ್ಣನೂ ಸೇರಿ ಸೋಫಾ ರಿಪೇರಿ ಅಂಗಡಿ ನಡೆಸ್ತೀವಿ. ಹಳೇ ಸೋಫಾ ಬಿಚ್ಚಿ, ಸ್ಪ್ರಿಂಗು ಸರಿಮಾಡಿ, ಹೊಸ ಫೋಮು ತುಂಬಿ, ಮೇಲೆ ಬಟ್ಟೆ ಹೊದಿಸೋದು ನಮ್ಮ ಕೆಲಸ. ನಾನು ಓದಿರೋದು ನಾಲ್ಕನೇ ಕ್ಲಾಸು. ಅಣ್ಣ ಏಳು. ಅತ್ತಿಗೆ ನಮ್ಮಿಬ್ಬರದ್ದೂ ಕೂಡಿಸಿದ್ರೆ ಅದಕ್ಕಿಂತ ಒಂದು ಜಾಸ್ತಿ.

ಮೊದಲು ಅವ್ರು ಬಸ್ ನಿಲ್ದಾಣದ ಟಿಕೆಟ್ ಕೌಂಟರಲ್ಲಿ ಕೂರ್ತಾ ಇದ್ರು. ಕಿಟಕಿ ಆಚೆ ನಿಂತೋನು ಬೈದ್ರೆ ತಿರುಗಿ ಬೈತಾ ಇರ್ಲಿಲ್ಲ. ಮನೆಗೆ ಬಂದು, "ಅವನು ನಂಗೆ ಬೈದಿದ್ದಲ್ಲ ಕಣ್ರೀ, ಇನ್ಯಾರಿಗೋ ಬೈದಿದ್ದು, ಯಾರಿಗಿರಬಹುದು" ಅಂತ ಯೋಚನೆ ಮಾಡ್ತಾ ಕೂರ್ತಾ ಇದ್ರು. ಆಮೇಲೆ ಕೌಂಟರಿಗೆ ಮೆಷಿನ್ ಬಂತು. ಅತ್ತಿಗೆ ಕೆಲಸ ಹೋಯ್ತು. ಎರಡು ತಿಂಗಳು ಅಲೆದು ಈ ಆಟದ ಕಂಪನಿ ಸೇರಿದ್ರು.

ಮಹಡಿ ಮೇಲೆ ಎರಡು ರೂಮು, ಒಂಬತ್ತು ಜನ. ಫೋನಲ್ಲಿ ಆಡೋ ಆಟ ಮಾಡ್ತಾರೆ. ದೊಡ್ಡವರಿಗೆ ಮಾತ್ರ ಅಂತ ಮೇಲೇ ಬರೆದಿರೋ ಆಟ. ಅದರಲ್ಲಿ ಗಂಡ ಫೋಟೋ ತೆಗೆಯೋನು, ಹೆಂಡತಿ ಟೀಚರ್. ಗಂಡ ಇನ್ನೊಬ್ಬಳ ಸಹವಾಸಕ್ಕೆ ಬೀಳ್ತಾನೆ. ಮಲಗೋ ಕೋಣೆ ಚಿತ್ರಗಳೂ ಬರ್ತವೆ. ಹೆಂಡತಿಗೆ ಗೊತ್ತಾಗುತ್ತೆ. ಅಲ್ಲಿಂದ ಮುಂದೆ ಏನಾಗಬೇಕು ಅಂತ ಆಡೋರೇ ಆರಿಸ್ಬೇಕು. ಕೊನೆ ನಾಲ್ಕು ಥರ ಇದೆ. ಒಂದನೇದ್ರಲ್ಲಿ ಹೆಂಡತಿ ಗಂಡನ್ನ ಹೊರಗೆ ಹಾಕಿ ಬಾಗಿಲು ಹಾಕ್ಕೋತಾಳೆ. ಎರಡನೇದು ಸೇಡು, ಅವಳೂ ಒಬ್ಬನ್ನ ಹುಡುಕ್ಕೋತಾಳೆ. ಮೂರನೇದ್ರಲ್ಲಿ ಇಬ್ಬರೂ ಜಗಳ ಇಲ್ಲದೆ ಬೇರೆಯಾಗ್ತಾರೆ. ನಾಲ್ಕನೇದ್ರಲ್ಲಿ ಅಡುಗೆಮನೆ ಮೇಜಿನ ಮುಂದೆ ಇಬ್ಬರೂ ಕೂತು ಉದ್ದಕ್ಕೆ ಮಾತಾಡ್ತಾರೆ, ಹೆಂಡತಿ ಅದನ್ನ ಹೊಟ್ಟೆಗೆ ಹಾಕ್ಕೋತಾಳೆ, ಒಟ್ಟಿಗೆ ಇರ್ತಾರೆ.

ಆಡಿದೋರು ಕಂಪನಿಗೆ ಬರೆಯೋ ಪತ್ರ ಓದೋದು ಅತ್ತಿಗೆ ಕೆಲಸ. ಯಾವ ಕೊನೆ ಎಷ್ಟು ಜನಕ್ಕೆ ಇಷ್ಟ ಅಂತ ವಾರಕ್ಕೊಂದು ಸಲ ಕನ್ನಡಕದೋನಿಗೆ ಹೇಳ್ಬೇಕು. ಕನ್ನಡಕದೋನು ಅಂದ್ರೆ ಅಲ್ಲಿಯ ಯಜಮಾನ. ಅಷ್ಟೇ ಕೆಲಸ. ಆದ್ರೆ ಅತ್ತಿಗೆ ಅಷ್ಟಕ್ಕೆ ಬಿಡೋರಲ್ಲ. ಬರೆದೋರಿಗೆಲ್ಲ ತಿರುಗಿ ಒಂದೇ ಸಾಲು ಕೇಳ್ತಾ ಇದ್ರು. ಈ ಕೊನೆ ನಿಮಗೆ ಯಾಕೆ ಬೇಕು?

ಆಫೀಸಲ್ಲಿ ಅವ್ರಿಗೆ ಯಾಕಮ್ಮ ಅಂತ ಹೆಸರು ಬಿತ್ತು.

"ಜನ ಯಾಕೆ ಬರೀತಾರೆ ಅತ್ತಿಗೆ? ನಂಗೇನಾದ್ರೂ ಕೇಳಿದ್ರೆ ಫೋನ್ ಎತ್ತಿಡ್ತಿದ್ದೆ" ಅಂದೆ ನಾನು ಒಂದ್ಸಲ.

"ನಿನ್ನ ಯಾರೂ ಇದುವರೆಗೂ ಕೇಳಿಲ್ಲ, ಅದಕ್ಕೆ ಹಾಗಂತೀಯ" ಅಂದ್ರು.

ಭಾನುವಾರ ಮಧ್ಯಾಹ್ನ ಅವ್ರು ನಮ್ಮನೆಗೆ ಬರ್ತಾ ಇದ್ರು. ನನ್ನ ಹೆಂಡತಿ ಅವ್ರನ್ನ ಅಕ್ಕ ಅಂತಾಳೆ. ಇಬ್ಬರೂ ಟೀ ಲೋಟ ಹಿಡ್ಕೊಂಡು ಅಡುಗೆಮನೆ ಹೊಸ್ತಿಲ ಮೇಲೆ ಕೂತ್ರೆ ನಾನು ಒಳಗೆ ನೀರು ಕುಡಿಯೋಕೆ ಹೋಗೋಕೂ ದಾರಿ ಇರ್ತಿರ್ಲಿಲ್ಲ. ಯಾರ ಹೆಸರೂ ಹೇಳ್ದೆ ಆ ಪತ್ರಗಳ ಸಂಗತಿ ಹೇಳ್ತಾ ಇದ್ರು.

ಒಬ್ಬ ಬ್ರೆಡ್ಡು ಸುಡೋನು. ಯಾವಾಗ್ಲೂ ಒಂದನೇ ಕೊನೆ, ಬಾಗಿಲು ಹಾಕೋದು. ಯಾಕೆ ಅಂತ ಕೇಳಿದ್ರೆ ಬರೆದಿದ್ದ, ಎಂಟು ವರ್ಷದ ಹಿಂದೆ ನನ್ನ ಹೆಂಡತಿ ಹೀಗೇ ಮಾಡಿದ್ಲು, ಅವತ್ತೇ ಹೊಟ್ಟೆಗೆ ಹಾಕ್ಕೊಂಡೆ, ಒಂದು ಮಾತೂ ಕೇಳಲಿಲ್ಲ, ಈಗ ಚೆನ್ನಾಗಿದೀವಿ, ಆದ್ರೆ ತಿಂಗಳಿಗೊಂದು ಸಲ ಆಟದಲ್ಲಿ ಬಾಗಿಲು ಹಾಕಿ ಆಮೇಲೆ ಮನೆಗೆ ಹೋಗ್ತೀನಿ.

ಒಬ್ಬ ನರ್ಸಮ್ಮನಿಗೆ ಮೂರನೇದು. ಅವಳ ಅಪ್ಪ ಬಿಟ್ಟು ಹೋಗುವಾಗ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದ್ರಂತೆ. ಯಾರಾದ್ರೂ ಕೂಗದೆ ಬೇರೆಯಾಗೋದನ್ನ ನೋಡ್ಬೇಕು ಅನ್ಸುತ್ತೆ ಅಂತ ಬರೆದಿದ್ಲು.

ಇನ್ನೊಬ್ಬಳು ಸೇಡಿನ ಕೊನೆ ಆಡಿ ಮೂರು ದಿನ ಖುಷಿಯಾಗಿದ್ದು, ನಾಲ್ಕನೇ ದಿನ ಆಟಾನೇ ತೆಗೆದು ಹಾಕಿದ್ಲು.

ರಿಟೈರಾದ ಒಬ್ಬ ಪೋಸ್ಟ್ ಮಾಸ್ಟರು. ಹೆಂಡತಿ ತೀರ್ಕೊಂಡು ಆರು ವರ್ಷ. ಅವ್ರಿಗೆ ನಾಲ್ಕನೇದೇ ಬೇಕು. ಮೋಸ, ಗೀಸ ಅವ್ರಿಗೆ ಸಂಬಂಧ ಇಲ್ಲ. ಆ ಮೇಜಿನ ಮಾತಿದೆಯಲ್ಲ, ಅದು ಫೋನಲ್ಲಿ ನಲವತ್ತು ಪುಟ ಬರುತ್ತೆ. ಅಷ್ಟನ್ನೂ ಓದ್ತಾರೆ. ಗಂಡ ಹೆಂಡತಿ ಮಾತಾಡೋದು ಕಿವಿಗೆ ಬಿದ್ದು ಬಹಳ ದಿನ ಆಯ್ತು ತಾಯಿ ಅಂತ ಬರೆದಿದ್ರು. ಅದನ್ನ ಹೇಳುವಾಗ ಅತ್ತಿಗೆ ಲೋಟ ಕೆಳಗಿಟ್ರು.

"ಮತ್ತೆ ಆ ಚಿತ್ರ ನೋಡೋಕೆ ಅಂತಾನೇ ಆಡೋರು?" ಅಂತ ನನ್ನ ಹೆಂಡತಿ ಕೇಳಿದ್ಲು. ಅವಳಿಗೆ ನಾಚಿಕೆ ಕಡಿಮೆ.

"ಅವ್ರಿಗೆ ಕೊನೆನೇ ಬೇಡ ಕಣೆ. ಅರ್ಧಕ್ಕೇ ಎದ್ದು ಹೋಗ್ತಾರೆ."

"ನಮ್ಮೆಜಮಾನ್ರ ಥರ. ಸಿನಿಮಾಕ್ಕೆ ಕರ್ಕೊಂಡು ಹೋದ್ರೆ ಇಂಟರ್ವಲ್ಲಿಗೇ ನಿದ್ದೆ."

ನಾನು ಗೋಡೆ ಕಡೆ ತಿರುಗಿದೆ.

ಅತ್ತಿಗೆ ಒಂದು ವಿಷಯ ಮಾತ್ರ ಬಹಳ ಸಲ ಹೇಳ್ತಾ ಇದ್ರು. ಒಂದೇ ಕೊನೆ ಆರಿಸ್ಕೊಂಡ ಇಬ್ಬರ ಮನಸ್ಸು ಒಂದೇ ಅಂತ ತಿಳ್ಕೋಬಾರದು ಅಂತ. ಬಾಗಿಲು ಹಾಕೋದು ಆರಿಸ್ಕೊಂಡವರಲ್ಲಿ ಮೋಸ ಹೋದೋರೂ ಇರ್ತಾರೆ, ಮಾಡಿದೋರೂ ಇರ್ತಾರೆ. ಮಾಡಿದೋರೇ ಜೋರಾಗಿ ಬಾಗಿಲು ಹಾಕಿಸ್ತಾರೆ. ಇನ್ನು ನಾಲ್ಕನೇದ್ರಲ್ಲಿ ಒಂದು ಗುಂಡಿ ಇದೆ, ಮುಂದೆ ಅಂತ. ಅದನ್ನ ಒತ್ತಿದ್ರೆ ಆ ನಲವತ್ತು ಪುಟ ಹಾರಿ ಹೋಗುತ್ತೆ, ನೇರವಾಗಿ ಒಟ್ಟಿಗೆ ಇರೋ ಚಿತ್ರ ಬರುತ್ತೆ. ಅದನ್ನ ಒತ್ತೋರಿಗೆ ಕ್ಷಮೆ ಬೇಕು, ಮಾತು ಬೇಡ. ಅಂಥೋರನ್ನ ಕಂಡ್ರೆ ನಂಗೆ ಆಗಲ್ಲ ಅಂತಿದ್ರು.

ಊರೋರ ಮನಸ್ಸನ್ನೆಲ್ಲ ಹೀಗೆ ಬಿಡಿಸಿ ನೋಡ್ತಿದ್ದೋರ ಮನೇಲೇ ಅದು ಆಯ್ತು.

ಒಂದು ಹಸಿರು ಸೋಫಾ ನಮ್ಮ ಅಂಗಡಿಗೆ ಬಂತು. ಮೂರು ಸೀಟಿಂದು. ಒಬ್ಬ ಹೆಂಗಸಿನ ಮನೇದು. ಎಲ್ಲಾ ಬಿಚ್ಚಿ ಹೊಸದು ಮಾಡಿ ಕೊಟ್ವಿ. ಒಂದು ತಿಂಗಳಿಗೆ ತಿರುಗಿ ಬಂತು. ಸ್ಪ್ರಿಂಗು ಕುಂಯ್ ಅನ್ನುತ್ತೆ ಅಂತ. ನಾನು ಕೂತು ನೋಡ್ದೆ, ನಿಂತು ನೋಡ್ದೆ. ಒಂದು ಸದ್ದಿಲ್ಲ. ಅಣ್ಣ "ನಾನು ನೋಡ್ಕೋತೀನಿ ಬಿಡು" ಅಂದ. ತಾನೇ ಗಾಡೀಲಿ ಹಾಕ್ಕೊಂಡು ಹೋಗಿ ಕೊಟ್ಟು ಬಂದ. ಹೋಗಿ ಬರೋಕೆ ಅರ್ಧ ಗಂಟೆ ದಾರಿ. ಬೆಳಿಗ್ಗೆ ಹೋದೋನು ಬಂದಿದ್ದು ಸಂಜೆಗೆ. ಇನ್ನೂ ಒಂದೂವರೆ ತಿಂಗಳಿಗೆ ಅದೇ ಸೋಫಾ ಮೂರನೇ ಸಲ ಬಂತು.

ನಂಗೆ ಗೊತ್ತಾಯ್ತು. ನಾನು ಬಾಯಿ ಬಿಡಲಿಲ್ಲ. ಅಣ್ಣ, ದೊಡ್ಡೋನು, ನಾನೇನು ಹೇಳೋದು ಅಂತ. ಬಾಯಲ್ಲಿ ಮೊಳೆ ಕಚ್ಕೊಂಡು ಕೆಲಸ ಮಾಡ್ತಾ ಇದ್ದೆ. ಮೊಳೆ ಬಾಯಲ್ಲಿದ್ರೆ ಮಾತಾಡೋ ಹಾಗಿಲ್ಲ, ಅದೊಂದು ಅನುಕೂಲ.

ಅವತ್ತು ಅತ್ತಿಗೆ ಅಣ್ಣನಿಗೆ ಊಟದ ಡಬ್ಬಿ ಕೊಡೋಕೆ ಅಂಗಡಿಗೆ ಬಂದ್ರು. ಹಸಿರು ಸೋಫಾ ನೋಡಿದ್ರು.

"ಇದು ಮತ್ತೆ ಬಂತಾ?" ಅಂದ್ರು.

ಅಣ್ಣ ಡಬ್ಬಿ ಕೈಲಿ ಹಿಡ್ಕೊಂಡು ನಿಂತ. ಅತ್ತಿಗೆ ಸೋಫಾ ಮೇಲೆ ಕೂತ್ರು. ಎದ್ರು. ಇನ್ನೊಂದು ಸಲ ಕೂತ್ರು. ಕೈಯಿಂದ ಅಂಚು ಒತ್ತಿ ನೋಡಿದ್ರು. ಹದಿನಾಲ್ಕು ವರ್ಷ ಸೋಫಾ ಮಾಡೋನ ಜೊತೆ ಬಾಳಿದೋರಿಗೆ ಒಳ್ಳೇ ಸ್ಪ್ರಿಂಗು ಯಾವುದು ಅಂತ ಗೊತ್ತಿರುತ್ತೆ. ಅಣ್ಣನ ಮುಖ ನೋಡಿದ್ರು. ಆಮೇಲೆ ನನ್ನ ಕಡೆ ತಿರುಗಿದ್ರು.

"ನಿಂಗೆ ಗೊತ್ತಿತ್ತಾ?"

ಮೊಳೆ ಕೈಗೆ ಉಗಿದು "ಗೊತ್ತಿತ್ತು ಅತ್ತಿಗೆ" ಅಂದೆ.

ಅವ್ರು ಡಬ್ಬಿ ವಾಪಸ್ ಇಸ್ಕೊಂಡು ಹೋದ್ರು.

ಆವತ್ತಿಂದ ಅಣ್ಣ ಅಂಗಡೀಲೇ ಮಲಗೋಕೆ ಶುರು ಮಾಡ್ದ. ರಿಪೇರಿಗೆ ಬಂದ ಸೋಫಾನೇ ಹಾಸಿಗೆ. ಗಿರಾಕಿ ಬಂದು ತಗೊಂಡು ಹೋದ್ರೆ ಇನ್ನೊಂದಕ್ಕೆ ಬದಲಾಯಿಸ್ತಿದ್ದ. ಒಂದು ವಾರ ಎರಡು ಸೀಟಿಂದು ಮಾತ್ರ ಇತ್ತು, ಮಂಡಿ ಮಡಚಿ ಮಲಗಿ ಸೊಂಟ ಹಿಡ್ಕೊಂಡು ಓಡಾಡ್ದ. ಆ ಹೆಂಗಸಿನ ಹತ್ರ ಹೋಗೋದು ಅವತ್ತಿಗೇ ನಿಲ್ಲಿಸಿದ್ದ. ಆದ್ರೆ ಮನೆ ಕಡೆ ಹೋಗೋಕೂ ಕಾಲು ಬರ್ತಿರ್ಲಿಲ್ಲ.

"ಹೋಗಿ ಒಂದು ಮಾತು ಹೇಳು" ಅಂದೆ.

"ಏನಂತ?"

"ತಪ್ಪಾಯ್ತು ಅಂತ."

"ಅದಾದ್ಮೇಲೆ?"

ಅದಾದ್ಮೇಲೆ ಏನು ಅಂತ ನಂಗೂ ಗೊತ್ತಿರ್ಲಿಲ್ಲ. ಇಬ್ಬರೂ ಸುಮ್ನೆ ಫೋಮು ಕತ್ತರಿಸಿದ್ವಿ. ನಮ್ಮ ಮನೇಲಿ ಗಂಡಸರಿಗೆ ಮಾತು ಯಾವತ್ತೂ ಬಂದಿದ್ದಿಲ್ಲ. ನಮ್ಮಪ್ಪ ಇಡೀ ದಿನದಲ್ಲಿ ಹತ್ತು ಮಾತಾಡಿದ್ರೆ ಅಮ್ಮ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡ್ತಿದ್ರು.

ಅವ್ರ ಬಾಡಿಗೆ ಮನೆ ಕರಾರು ಮುಗಿಯೋಕೆ ಎರಡು ತಿಂಗಳಿತ್ತು. ಹೊಸ ಕಾಗದ ಬರೀಬೇಕು. ಓನರಮ್ಮ ಒಂದು ಹೆಸರೋ ಎರಡು ಹೆಸರೋ ಅಂತ ಕೇಳಿದ್ದಾರೆ, ಅಷ್ಟರೊಳಗೆ ನಾನು ತೀರ್ಮಾನ ಮಾಡ್ತೀನಿ ಅಂತ ಅತ್ತಿಗೆ ನನ್ನ ಹೆಂಡತಿ ಹತ್ರ ಹೇಳಿದ್ರಂತೆ. ಅಳಲಿಲ್ಲ. ಬೈಲಿಲ್ಲ. ಆಫೀಸಿಗೆ ಹೋಗ್ತಿದ್ರು, ಬರ್ತಿದ್ರು. ಪತ್ರ ಓದ್ತಿದ್ರು. ಯಾಕೆ ಅಂತ ಮೊದಲಿನ ಹಾಗೇ ಕೇಳ್ತಿದ್ರು. ಭಾನುವಾರ ನಮ್ಮನೆಗೆ ಬರೋದು ಬಿಟ್ಟಿದ್ರು. ನಾನಿರ್ತೀನಲ್ಲ, ಅದಕ್ಕೆ. ನನ್ನ ಹೆಂಡತೀನೇ ಅಲ್ಲಿಗೆ ಹೋಗಿ ಬರ್ತಿದ್ಲು. ಬಂದು ನನ್ನ ಮುಂದೆ ತಟ್ಟೆ ಕುಕ್ಕಿ ಇಡ್ತಿದ್ಲು.

ಒಂದು ದಿನ ಅವಳು ಹೇಳಿದ್ಲು, "ಅಕ್ಕ ದಿನಾ ಮನೆ ಎರಡು ನೋಡ್ತಾರಂತೆ."

"ಯಾವ ಮನೆ?"

ಆಟ ತಯಾರಾಗುವಾಗ ಕೆಲಸದೋರೆಲ್ಲ ತಮ್ಮ ಮನೆ ಫೋನಲ್ಲೇ ಹಾಕಿ ಪರೀಕ್ಷೆ ಮಾಡ್ತಿದ್ರಂತೆ. ಅತ್ತಿಗೆ ಫೋನಿಗೆ ಮನೆ ಒಂದು ಅಂತ ಹೆಸರು. ಅಣ್ಣನ ಫೋನಿಗೆ ಮನೆ ಎರಡು. ಆ ಹೆಸರು ಹಾಗೇ ಉಳ್ಕೊಂಡಿತ್ತು. ಯಾರು ಯಾವ ಕೊನೆ ಆರಿಸ್ಕೊಂಡ್ರು, ಯಾವ ಪುಟ ಹಾರಿಸಿದ್ರು, ಎಲ್ಲಾ ಅತ್ತಿಗೆ ಕಂಪ್ಯೂಟರಲ್ಲಿ ಸಾಲಾಗಿ ಬರುತ್ತೆ, ಅರ್ಧಕ್ಕೆ ವಾಪಸ್ ಬಂದ ದಾರಿ ಮಾತ್ರ ಬರಲ್ಲ. ಅಣ್ಣ ಇಷ್ಟು ದಿನ ಆ ಆಟ ಮುಟ್ಟಿರ್ಲಿಲ್ಲ. ಅಂಗಡಿಗೆ ಬಂದು ಬಿದ್ದಮೇಲೆ ಆಡೋಕೆ ಶುರು ಮಾಡಿದಾನೆ.

"ಯಾವ ಕೊನೆ ಆಡಿದ?"

"ಅದನ್ನ ಅಕ್ಕ ಹೇಳಲಿಲ್ಲ. ಸುಮ್ನೆ ನೋಡ್ತೀನಿ ಅಂದ್ರು."

ನನ್ನ ತಲೇಲಿ ಒಂದು ಯೋಚನೆ ಬಂತು. ಯೋಚನೆ ಮಾಡೋದು ನನ್ನ ಕೆಲಸ ಅಲ್ಲ ಅಂತ ಆಗ್ಲೇ ಗೊತ್ತಾಗ್ಬೇಕಿತ್ತು. ಅಣ್ಣ ಬಾಯಿ ಬಿಡಲ್ಲ. ಆದ್ರೆ ನಾಲ್ಕನೇ ಕೊನೆ ಆಡಿದ್ರೆ ಅತ್ತಿಗೆಗೆ ಕಾಣುತ್ತೆ. ಓ, ಇವನಿಗೆ ಒಟ್ಟಿಗೆ ಇರೋ ಆಸೆ ಇದೆ ಅಂತ ಗೊತ್ತಾಗುತ್ತೆ. ಮನಸ್ಸು ಕರಗುತ್ತೆ.

ಅಣ್ಣ ಗಾಡಿ ತಗೊಂಡು ಸೋಫಾ ಕೊಡೋಕೆ ಹೋಗುವಾಗ ಫೋನು ಅಂಗಡೀಲೇ ಚಾರ್ಜಿಗೆ ಹಾಕಿ ಹೋಗ್ತಾನೆ. ಬಾಗಿಲು ಅರ್ಧ ಎಳೆದು ನಾನು ಕೂತೆ. ಚಿತ್ರ ನೋಡ್ಕೊಂಡು ಹೇಗೋ ನಾಲ್ಕನೇ ದಾರಿಗೆ ಹೋದೆ. ಮೇಜು ಬಂತು. ಗಂಡ ಹೆಂಡತಿ ಕೂತ್ರು. ಅಕ್ಷರ ಬಂತು. ಎಷ್ಟು ಅಕ್ಷರ ಅಂದ್ರೆ ಇರುವೆ ಸಾಲಿನ ಹಾಗೆ. ನಂಗೆ ಓದೋಕೆ ಬರುತ್ತೆ. ಆದ್ರೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಕೊಂಡು ಓದ್ಬೇಕು. ನಲವತ್ತು ಪುಟ ಓದೋಷ್ಟರಲ್ಲಿ ಅಣ್ಣ ಬಂದ್ಬಿಡ್ತಾನೆ. ಕೆಳಗೆ ಮುಂದೆ ಅಂತ ಗುಂಡಿ ಇತ್ತು. ಒತ್ತಿದೆ. ಇಬ್ಬರೂ ಕೈ ಹಿಡ್ಕೊಂಡು ನಿಂತಿರೋ ಚಿತ್ರ ಬಂತು. ಕೆಲಸ ಆಯ್ತು ಅನ್ಕೊಂಡೆ.

ಒಂದು ಸಲ ಸಾಲದು ಅನ್ನಿಸ್ತು. ಹತ್ತು ದಿನದಲ್ಲಿ ಹನ್ನೊಂದು ಸಲ ಮಾಡ್ದೆ.

ಅತ್ತಿಗೆ ಒಂದು ಭಾನುವಾರ ನಮ್ಮನೆಗೆ ಬಂದ್ರು. ಐದು ವಾರ ಆದ್ಮೇಲೆ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತ್ರು. ನನ್ನ ಹೆಂಡತಿ "ಬನ್ನಿ ಅಕ್ಕ, ಟೀ ಇಡ್ತೀನಿ" ಅಂದ್ಲು. ಬೇಡ ಅಂತ ಕೈ ಅಡ್ಡ ಆಡಿಸಿದ್ರು.

"ಒಂದು ಮಾತು ಹೇಳಿ ಹೋಗೋಕೆ ಬಂದೆ" ಅಂತ ನನ್ನ ನೋಡಿದ್ರು. "ನಿಮ್ಮಣ್ಣನಿಗೆ ಹೇಳು. ಕಾಗದದಲ್ಲಿ ಒಂದೇ ಹೆಸರು ಬರೆಸ್ತೀನಿ. ಅವ್ರ ಬಟ್ಟೆ ಮಡಿಸಿ ಇಟ್ಟಿದೀನಿ. ಬಂದು ತಗೊಂಡು ಹೋಗ್ಲಿ."

"ಯಾಕೆ ಅತ್ತಿಗೆ?" ಅಂದೆ.

"ಹನ್ನೊಂದು ಸಲ ನಾಲ್ಕನೇ ಕೊನೆ ಆಡಿದಾರೆ. ಹನ್ನೊಂದು ಸಲವೂ ಆ ಗುಂಡಿ ಒತ್ತಿದಾರೆ. ಒಂದ್ಸಲ, ಒಂದೇ ಒಂದ್ಸಲನಾದ್ರೂ, ಅವಳು ಆ ಮೇಜಿನ ಹತ್ರ ಏನು ಹೇಳ್ತಾಳೆ ಅಂತ ನೋಡಿಲ್ಲ. ನಾನು ಮೂರು ವರ್ಷದಿಂದ ಇದನ್ನೇ ಓದ್ತಾ ಇದೀನಿ. ಇದರ ಅರ್ಥ ನಂಗೆ ಬೇರೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ನನ್ನ ಹೊರಗೆ ಹಾಕು ಅಂದಿದ್ರೂ ಪರವಾಗಿರ್ಲಿಲ್ಲ. ನನ್ನ ಮಾತು ಕೇಳದೆ ನನ್ನ ಮನೆ ಬೇಕಂತೆ."

ನನ್ನ ಹೆಂಡತಿ ನನ್ನ ಮುಖ ನೋಡಿದ್ಲು. ಹನ್ನೆರಡು ವರ್ಷ ನೋಡಿದ ಮುಖ ಅದು. ಅವಳು ಹಣೆಗೆ ಕೈ ಇಟ್ಕೊಂಡ್ಲು.

"ಅದು ಅಣ್ಣ ಅಲ್ಲ ಅತ್ತಿಗೆ" ಅಂದೆ. "ನಾನು."

"ಏನು ನೀನು?"

"ಹನ್ನೊಂದು ಸಲ ಆಡಿದ್ದು. ಅಣ್ಣ ಇಲ್ದಾಗ. ನಿಮಗೆ ಕಾಣ್ಲಿ ಅಂತ."

"ಗುಂಡಿ ಯಾಕೆ ಒತ್ತಿದೆ?" ಅಂತ ನನ್ನ ಹೆಂಡತೀನೇ ಕೇಳಿದ್ಲು.

"ಓದೋಕೆ ಆಗಲ್ಲ ನಂಗೆ. ಅಷ್ಟೊಂದು."

"ನಿಮ್ಮಣ್ಣನ್ನ ಕಾಪಾಡೋಕೆ ಸುಳ್ಳು ಹೇಳ್ತಾ ಇದೀಯ" ಅಂದ್ರು ಅತ್ತಿಗೆ. "ಮೊದಲೂ ಮುಚ್ಚಿಟ್ಟೋನು ನೀನು." ತಮ್ಮ ಫೋನು ತೆಗೆದು ಆ ಮೇಜಿನ ಮೊದಲನೇ ಪುಟಕ್ಕೆ ಹೋಗಿ ನನ್ನ ಮುಂದೆ ಹಿಡಿದ್ರು. "ಓದು ನೋಡೋಣ."

ನಾನು ಬೆರಳಿಟ್ಟೆ. ನೀ... ನು... ಅವ... ತ್ತು... ಬಾ... ಗಿ... ಲು... ಬಾಗಿಲು ತೆ... ಗೆ... ಬೆವರು ಬಂತು. ಒಂದು ಸಾಲು ಮುಗಿಸೋಕೆ ಎಷ್ಟು ಹೊತ್ತಾಯ್ತೋ. ಒತ್ತಕ್ಷರ ಬಂದಲ್ಲಿ ನಿಂತೆ. ಅವ್ರೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಎರಡನೇ ಸಾಲಿಗೆ ಹೋದೆ. ಮೂರನೇದರ ನಡುವೆ ಅತ್ತಿಗೆ ಫೋನು ತಗೊಂಡ್ರು.

"ಸಾಕು" ಅಂದ್ರು. ಚಪ್ಪಲಿ ಬಿಟ್ಟು ಒಳಗೆ ಬಂದು ಹೊಸ್ತಿಲ ಮೇಲೆ ಕೂತ್ರು. ಅವ್ರ ಭುಜ ಅಲ್ಲಾಡ್ತಿತ್ತು. ಅಳ್ತಿದಾರೆ ಅನ್ಕೊಂಡೆ. ನಗ್ತಾ ಇದ್ರು. ಸ್ವಲ್ಪ ಹೊತ್ತಿಗೆ ಎರಡೂ ಆಯ್ತು.

ಕಣ್ಣೊರೆಸ್ಕೊಂಡು ಹೇಳಿದ್ರು, "ಗೊತ್ತಿದ್ದಾಗ ಸುಮ್ನಿದ್ದೆ. ಈಗ ಅವ್ರ ಬದಲು ನೀನು ಮಾತಾಡೋಕೆ ಹೋದೆ. ಎರಡೂ ಒಂದೇ ತಪ್ಪು, ಗೊತ್ತಾ?"

"ಗೊತ್ತಾಯ್ತು ಅತ್ತಿಗೆ."

"ಇಬ್ಬರ ಮಧ್ಯ ಮೂಗು ತೂರಿಸಬೇಡ ಅಂತ ಮದುವೆಯಾದಾಗಿಂದ ಹೇಳ್ತಿದೀನಿ" ಅಂದ್ಲು ನನ್ನ ಹೆಂಡತಿ. ಹಾಗೇನೂ ಅವಳು ಹೇಳಿರ್ಲಿಲ್ಲ. ಈಗ ಅದನ್ನ ಹೇಳೋ ಹೊತ್ತಲ್ಲ ಅಂತ ಸುಮ್ನಾದೆ.

ಟೀ ಬಂತು. ಅತ್ತಿಗೆ ಲೋಟ ತಗೊಂಡ್ರು. ಆಮೇಲೆ, ನೀನು ಶುರು ಮಾಡೋಕೆ ಮೊದಲು ಅವ್ರೇ ಮೂರು ಸಲ ಆಡಿದ್ರು ಅಂದ್ರು. ಮೂರು ಸಲವೂ ಒಂದನೇದು. ಹೊರಗೆ ಹಾಕಿಸ್ಕೊಂಡಿದ್ದು.

"ನಂಗೆ ಅದನ್ನ ಹೇಗೆ ತಗೋಬೇಕೋ ತಿಳೀಲಿಲ್ಲ. ನಾಚಿಕೆಗೆ ಆಡಿದ್ರಾ? ಇಲ್ಲ, ಅವ್ರಿಗೆ ನಿಜವಾಗ್ಲೂ ಹೊರಗೇ ಇರಬೇಕಾ? ಹೊರಗೆ ಹಾಕಿದ್ರೆ ಆ ಹೆಂಗಸಿನ ಹತ್ರ ಹೋಗೋಕೆ ಅನುಕೂಲ ಅಂತಾನಾ? ಮೂರು ಥರಾನೂ ಬರೆದೋರಿದಾರೆ ನಂಗೆ."

"ಮತ್ತೆ ಅಂಥೋರನ್ನ ಏನ್ ಮಾಡ್ತೀರಿ ಅಕ್ಕ?" ಅಂತ ಕೇಳಿದ್ಲು ನನ್ನ ಹೆಂಡತಿ.

"ಕೇಳ್ತೀನಿ. ಯಾಕೆ ಅಂತ."

ಹೇಳಿ ತಾವೇ ಲೋಟ ಕೆಳಗಿಟ್ರು. "ಊರೋರನ್ನೆಲ್ಲ ಕೇಳ್ದೆ" ಅಂದ್ರು. "ಇವ್ರನ್ನ ಕೇಳಲಿಲ್ಲ."

ಮಾರನೇ ದಿನ ಹನ್ನೊಂದು ಗಂಟೆಗೆ ಅತ್ತಿಗೆ ಅಂಗಡಿಗೆ ಬಂದ್ರು. ಆಫೀಸಿಗೆ ಅರ್ಧ ದಿನ ರಜ ಹಾಕಿ. ಅಣ್ಣ ಒಂದು ಕುರ್ಚಿ ಬೆನ್ನಿಗೆ ದಬ್ಬಳದಲ್ಲಿ ಹೊಲಿಗೆ ಹಾಕ್ತಿದ್ದ. ಅವ್ರನ್ನ ನೋಡಿ ಎದ್ದ, ದಾರ ಕೈಗೆ ಸುತ್ಕೊಂಡಿತ್ತು, ಕುರ್ಚಿಯೂ ಜೊತೆಗೇ ಬಂತು.

"ಕೂತ್ಕೊಳ್ಳಿ" ಅಂದ್ರು ಅತ್ತಿಗೆ. "ಒಂದೇ ಮಾತು ಕೇಳ್ತೀನಿ. ಮೂರು ಸಲ ಒಂದನೇ ಕೊನೆ ಆಡಿದ್ರಿ. ಯಾಕೆ?"

ಅಣ್ಣ ನನ್ನ ಕಡೆ ನೋಡ್ದ. ನಾನು ಕೈ ಕಟ್ಕೊಂಡು ನೆಲ ನೋಡ್ದೆ. ಈ ಸಲ ನಾನು ಹೇಳಲ್ಲ.

"ನಾಲ್ಕನೇದು ನಂಗೆ ಸಿಗಲ್ಲ" ಅಂದ ಅಣ್ಣ.

"ಸಿಗಲ್ಲ ಅಂದ್ರೆ?"

"ಮೇಜಿನ ತನಕ ಹೋಗಿ ನೋಡ್ದೆ, ಆ ಆಟದಲ್ಲಿ. ಅಲ್ಲಿ ಗಂಡ ಎಷ್ಟು ಚೆನ್ನಾಗಿ ಮಾತಾಡ್ತಾನೆ. ಒಂದೊಂದಕ್ಕೂ ಉತ್ತರ ಹೇಳ್ತಾನೆ. ನಂಗೆ ಹಾಗೆ ಬರಲ್ಲ. ನೀನು ಕೇಳ್ತಿ, ನಾನು ಕಲ್ಲಿನ ಹಾಗೆ ಕೂತಿರ್ತೀನಿ, ನಿಂಗೆ ಇನ್ನೂ ಸಿಟ್ಟು ಬರುತ್ತೆ. ಅದಕ್ಕೆ ವಾಪಸ್ ಬಂದು ಬಾಗಿಲಿಂದು ಆಡ್ದೆ. ಬಾಗಿಲು ಹಾಕ್ಕೊಂಡ್ರೆ ನೀನಾದ್ರೂ ನೆಮ್ಮದಿಯಾಗಿ ಇರ್ತಿ ಅಂತ."

ಅಣ್ಣ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

"ಆ ಗಂಡನ ಮಾತು ಬರೆದಿದ್ದು ಯಾರು ಗೊತ್ತಾ?" ಅಂದ್ರು ಅತ್ತಿಗೆ. "ನಮ್ಮಾಫೀಸಿನ ಮೂವರು. ಹದಿನೇಳು ದಿನ ಬರೆದು, ಹರಿದು, ತಿದ್ದಿದ್ದು. ನಿಜವಾದ ಗಂಡ ಯಾರೂ ಹಾಗೆ ಮಾತಾಡಲ್ಲ."

"ಹಾಗಾದ್ರೆ ನಾನು..."

"ಬಂದಷ್ಟು ಮಾತಾಡಿ. ಕೆಟ್ಟದಾಗಿ ಮಾತಾಡಿ. ನಾನು ಕೂತಿರ್ತೀನಿ. ಹಾರಿಸಿ ಮುಂದೆ ಹೋಗಲ್ಲ." ಒಂದು ಕುರ್ಚಿ ಎಳ್ಕೊಂಡು ಕೂತು ಹೇಳಿದ್ರು, "ಕೇಳಿದ್ಮೇಲೂ ಬಾಗಿಲು ಹಾಕ್ಕೋಬಹುದು ನಾನು. ಅದು ಗೊತ್ತಿರ್ಲಿ."

ನಾನು ಹೊರಗೆ ಬಂದೆ. ರಸ್ತೆ ಆಚೆ ಸೈಕಲ್ ಅಂಗಡಿ ಮುಂದೆ ನಿಂತೆ. ಸೈಕಲ್ಲಿನೋನು "ಏನು, ಅಂಗಡಿ ಬಿಟ್ಟು?" ಅಂದ. "ಒಳಗೆ ಕೆಲಸ ನಡೀತಿದೆ" ಅಂದೆ. ಸುತ್ತಿಗೆ ನನ್ನ ಕೈಲೇ ಇತ್ತು. ಎರಡು ಗಂಟೆ ಅಲ್ಲಿ ನಿಂತಿದ್ದೆ. ಒಂದು ಸದ್ದೂ ಹೊರಗೆ ಬರಲಿಲ್ಲ.

ಒಳಗೆ ಅಣ್ಣ ಏನು ಹೇಳ್ದ ಅಂತ ಅತ್ತಿಗೆ ಆಮೇಲೆ ನನ್ನ ಹೆಂಡತಿಗೆ ಹೇಳಿದ್ರು. ಬೇರೆಯವ್ರಿಗೆ ಹೇಳಬಹುದಾ ಅಂತ ಕೇಳಿದ್ದಕ್ಕೆ ಇಷ್ಟು ಹೇಳು ಅಂದಿದಾರೆ. ಆ ಹೆಂಗಸು ಅಣ್ಣ ಹಾಕಿದ ಹೊಲಿಗೆ ಮೇಲೆ ಕೈಯಾಡಿಸಿ, ಇದನ್ನ ಹೇಗೆ ಕಲಿತ್ರಿ ಅಂತ ಕೇಳಿದ್ಲಂತೆ. ಅದನ್ನ ಅವನನ್ನ ಯಾರೂ ಯಾವತ್ತೂ ಕೇಳಿರ್ಲಿಲ್ಲ. "ನೀನು ಯಾರ್ಯಾರನ್ನೋ ಯಾಕೆ ಯಾಕೆ ಅಂತ ಕೇಳ್ತಿ, ನನ್ನ ಕೇಳೋಕೆ ನಿಂಗೆ ಪುರುಸೊತ್ತಿಲ್ಲ ಅನ್ನಿಸ್ತು. ಅದು ಹೋಗೋಕೆ ಕಾರಣ ಅಲ್ಲ. ಹೋಗಿದ್ದು ನನ್ನ ತಪ್ಪು. ಆದ್ರೆ ಅನ್ನಿಸಿದ್ದು ಅದು" ಅಂದನಂತೆ. ಅತ್ತಿಗೆಗೆ ಮೈ ಉರಿದು ಹೋಯ್ತಂತೆ. ಎದ್ದು ಹೋಗ್ಬೇಕು ಅನ್ನಿಸ್ತಂತೆ. ಹೋಗಲಿಲ್ಲ, ಕೂತಿರ್ತೀನಿ ಅಂತ ಹೇಳಿಬಿಟ್ಟಿದ್ದೆನಲ್ಲ ಅಂದ್ರು.

ಆಮೇಲೆ ಪ್ರತಿ ಭಾನುವಾರ, ನಮ್ಮ ಅಂಗಡಿಗೆ ರಜ, ಅಣ್ಣ ಬೆಳಿಗ್ಗೆ ಮನೆಗೆ ಹೋಗ್ತಿದ್ದ. ಮಧ್ಯಾಹ್ನ ಎದ್ದು ಬರ್ತಿದ್ದ. ಒಂದೊಂದು ಸಲ ಅರ್ಧ ಗಂಟೆಗೇ ಬಂದ್ಬಿಡ್ತಿದ್ದ, ಮುಖ ಬಿಳುಚಿರ್ತಿತ್ತು. ಒಂದು ಭಾನುವಾರ ಅತ್ತಿಗೆ ಬಾಗಿಲೇ ತೆಗೀಲಿಲ್ಲ. ಅಣ್ಣ ಮೆಟ್ಟಿಲ ಮೇಲೆ ಕೂತು ಬಂದ. ಇನ್ನೊಂದು ಭಾನುವಾರ ಇಬ್ಬರೂ ಆ ವಿಷಯ ಬಿಟ್ಟು ಅಡುಗೆಮನೆ ನಲ್ಲಿ ಸೋರೋದನ್ನ ಸರಿಮಾಡಿದ್ರಂತೆ.

"ಹೇಗಾಗ್ತಿದೆ?" ಅಂತ ಕೇಳ್ದೆ.

"ಗೊತ್ತಾಗ್ತಿಲ್ಲ" ಅಂದ. "ಆದ್ರೆ ಕೇಳ್ತಾಳೆ. ನಾನೂ ಕೇಳ್ತೀನಿ. ಅವಳಿಗೆ ಆ ಟಿಕೆಟ್ ಕೌಂಟರು ಹೋದಾಗ ಎಷ್ಟು ಸಂಕಟ ಆಗಿತ್ತು ಗೊತ್ತಾ? ನಂಗೆ ಗೊತ್ತೇ ಇರ್ಲಿಲ್ಲ."

ಕಾಗದ ಬರೆಯೋ ದಿನ ಬಂತು. ಸಾಕ್ಷಿ ಹಾಕೋಕೆ ನನ್ನ ಕರೆದಿದ್ರು. ಓನರಮ್ಮ ಕೆಳಗಿನ ಮನೇಲಿ, ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು, ಪೆನ್ನು ಹಿಡಿದು ಕೂತಿದ್ರು. ಅಣ್ಣ ಬಾಗಿಲ ಹತ್ರ ನಿಂತಿದ್ದ. ಅವನಿಗೂ ಗೊತ್ತಿರ್ಲಿಲ್ಲ ಏನಾಗುತ್ತೆ ಅಂತ.

"ಒಂದೋ ಎರಡೋ ಹೇಳಮ್ಮ" ಅಂದ್ರು ಓನರಮ್ಮ. "ಈ ಪೆನ್ನು ಒಂದ್ಸಲ ನಿಂತ್ರೆ ಮತ್ತೆ ಬರೆಯೋಲ್ಲ."

ಅತ್ತಿಗೆ ಅಣ್ಣನ ಕಡೆ ನೋಡಲಿಲ್ಲ. ಕಾಗದ ನೋಡ್ತಾ ಹೇಳಿದ್ರು, "ಎರಡು ಬರೀರಿ. ಆದ್ರೆ ಮೂರು ವರ್ಷಕ್ಕೆ ಬೇಡ. ಒಂದು ವರ್ಷಕ್ಕೆ."

"ಒಂದು ವರ್ಷ ಆದ್ಮೇಲೆ?"

"ಆವಾಗ ಇನ್ನೊಂದ್ಸಲ ಕೇಳಿ. ಹೇಳ್ತೀನಿ."

ನಾನು ಸಾಕ್ಷಿ ಜಾಗದಲ್ಲಿ ನನ್ನ ಹೆಸರು ಬರೆದೆ. ಅದಕ್ಕೆ ನಂಗೆ ತಡ ಆಗಲ್ಲ.

ಆಫೀಸಲ್ಲಿ ಅತ್ತಿಗೆ ಒಂದು ವರದಿ ಕೊಟ್ರು. ಆಡೋರಿಗೆ ಬೇರೆ ಬೇರೆ ಕೊನೆ ಯಾಕೆ ಬೇಕು ಅಂತ. ಯಾವ ಕೊನೆ ಜನಕ್ಕೆ ಇಷ್ಟ ಅಂತ ನೀವು ಕೇಳಿದ್ರಿ, ಜನ ಆರಿಸೋದು ಕೊನೆನ ಅಲ್ಲ, ತಮಗೆ ಸಿಗದೇ ಹೋದದ್ದನ್ನ ಅಂತ ಬರೆದಿದ್ರಂತೆ. ಅದಕ್ಕೇ ನಾಲ್ಕರಲ್ಲಿ ಒಂದನ್ನೂ ತೆಗೀಬೇಡಿ, ಮುಂದೆ ಅನ್ನೋ ಗುಂಡಿ ಮಾತ್ರ ತೆಗೀರಿ ಅಂತಾನೂ ಬರೆದಿದ್ರು. ಕನ್ನಡಕದೋನು ಓದಿ ಚೆನ್ನಾಗಿದೆ ಅಂದ. ಗುಂಡಿ ತೆಗೀಲಿಲ್ಲ. ಸ್ವಲ್ಪ ಚಿಕ್ಕದು ಮಾಡಿಸಿದ.

ಅಣ್ಣ ಮನೆಗೆ ಹೋಗಿ ಈಗ ಏಳು ತಿಂಗಳಾಯ್ತು. ಎಲ್ಲಾ ಸರಿಹೋಯ್ತು ಅಂತ ನಾನು ಹೇಳಲ್ಲ. ಅತ್ತಿಗೆಗೆ ಒಂದೊಂದು ದಿನ ಇದ್ದಕ್ಕಿದ್ದ ಹಾಗೆ ಸಿಟ್ಟು ಬರುತ್ತೆ. ಹಸಿರು ಬಣ್ಣದ ಬಟ್ಟೆ ಅಂಗಡಿಗೆ ತರಬೇಡ ಅಂತ ಅಣ್ಣ ನಂಗೆ ಹೇಳಿದಾನೆ. ನಾನು ತರಲ್ಲ.

ಹೋದ ವಾರ ಅವ್ರ ಮನೆಗೆ ಹೋಗಿದ್ದೆ. ಮೆಟ್ಟಿಲು ಹತ್ತುವಾಗ್ಲೇ ಜೋರು ದನಿ ಕೇಳ್ತು. ಅಣ್ಣಂದು. ಬಾಗಿಲು ತೆಗೆದೇ ಇತ್ತು. ಒಳಗೆ ಅತ್ತಿಗೆ ಕೈಲಿ ಫೋನು, ಅಣ್ಣ ಎದುರಿಗೆ ಮಂಡಿ ಮೇಲೆ ಕೈ ಊರಿ ಕೂತಿದ್ದ. ಹೊಸ ಆಟಕ್ಕೆ ಕಥೆ ಬರೀತಿದಾರಂತೆ ಆಫೀಸಲ್ಲಿ. ಅದರಲ್ಲಿ ಗಂಡ ವಾಪಸ್ ಬರೋ ಜಾಗ ಅತ್ತಿಗೆ ಓದಿ ಹೇಳಿದಾರೆ.

"ಹೀಗೆ ಬರಲ್ಲ ಕಣೇ ಯಾರೂ" ಅಂತ ಅಣ್ಣ ಹೇಳ್ತಿದ್ದ. "ಬಂದ ತಕ್ಷಣ ಕೂತ್ಕೊಂಡು ಮಾತಾಡ್ತಾನಂತೆ. ಚಪ್ಪಲಿ ಎಲ್ಲಿ ಬಿಡ್ಬೇಕು ಅಂತಾನೇ ಗೊತ್ತಾಗಲ್ಲ ಅವನಿಗೆ. ಮೊದಲಿದ್ದ ಜಾಗದಲ್ಲಿ ಬಿಡ್ಲಾ, ಹೊರಗೆ ಬಿಡ್ಲಾ ಅಂತ ನಿಂತಿರ್ತಾನೆ. ಅದನ್ನ ಬರೀರಿ."

"ಆಮೇಲೆ?" ಅಂದ್ರು ಅತ್ತಿಗೆ.

"ಆಮೇಲೆ ಏನು, ನೀರು ಕುಡೀಬೇಕು ಅನ್ಸುತ್ತೆ. ಕೇಳೋಕೆ ಆಗಲ್ಲ. ತಾನೇ ತಗೊಳ್ಳೋಕೂ ಆಗಲ್ಲ..."

ನನ್ನ ನೋಡಿ ಅಣ್ಣ ನಿಲ್ಲಿಸಿದ. ಆಮೇಲೆ ಬರ್ತೀನಿ ಅಂತ ನಾನು ತಿರುಗಿದೆ. ಅತ್ತಿಗೆ ತಲೆ ಎತ್ತದೆ ಪಕ್ಕದ ಕುರ್ಚಿ ಕಾಲಲ್ಲಿ ಸರಿಸಿ, "ಕೂತ್ಕೋ ಬಾ, ಸುಮ್ನೆ ಕೂತ್ಕೋ" ಅಂದ್ರು. ಮತ್ತೆ ಅಣ್ಣನ ಕಡೆ ತಿರುಗಿದ್ರು.

"ಹ್ಞೂಂ, ನೀರು ಕೇಳೋಕೆ ಆಗಲ್ಲ. ಯಾಕೆ?"

ಅಣ್ಣ ಸ್ವಲ್ಪ ಯೋಚನೆ ಮಾಡಿ ಹೇಳೋಕೆ ಶುರು ಮಾಡ್ದ.